ಆರ್‌ಎನ್‌ಎ ಮೇಲಣ ಗುರುತುಗಳೂ ನಮ್ಮ ಆಲೂಗೆಡ್ಡೆಯ ಬೇಸಾಯವೂ

ಹಾಸನ ಜಿಲ್ಲೆಯ ಬೇಸಾಯಗಾರರಿಗೆ ಆಲೂಗೆಡ್ಡೆಯು ಹೊಸದಾದ ಬೆಳೆಯಲ್ಲ. ಮುಂಗಾರಿಗೆ ಮುಂಚಿನ ಮಳೆಗಳು ಬೀಳುವ ಮೇ ತಿಂಗಳಲ್ಲಿ ಪಂಜಾಬಿನಿಂದ ಬಿತ್ತನೆಯ ಗೆಡ್ಡೆಗಳನ್ನು ಹೊತ್ತ ಲಾರಿಗಳು ಹಾಸನದ ಮಾರುಕಟ್ಟೆಯ ಪ್ರಾಂಗಣಕ್ಕೆ ಬಂದು ನಿಲ್ಲುವುದೂ, ಹಳೇಬೀಡು, ಬೇಲೂರು, ಅರಸೀಕೆರೆಯ ಕಡೆಗಳ ರೈತರು ಸಾಲವನ್ನಾದರೂ ಮಾಡಿ ಆ ಮೂಟೆಗಳನ್ನು ಕೊಂಡೊಯ್ಯುವುದೂ ಎಲ್ಲರೂ ಕಂಡಿರುವ ಸಂಗತಿಯೇ. ಈ ಬೆಳೆಯ ವೆಚ್ಚದಲ್ಲಿ ಬೀಜದ ವೆಚ್ಚವು ದೊಡ್ಡ ಪಾಲು. ಬಳಿಕ ಜುಲೈ ತಿಂಗಳ ಜಡಿಮಳೆಯಲ್ಲಿ ಅಂಗಮಾರಿ ರೋಗವು ಬಿದ್ದಿತೆಂದರೆ ಕೆಲವೇ ದಿನಗಳಲ್ಲಿ ಹಸುರಾದ ಹೊಲವು ಬೆಂಕಿ ತಗುಲಿದಂತೆ ಕಪ್ಪಾಗಿ, ಗೆಡ್ಡೆಯೂ ಕೈಗೆ ಬಾರದೆ, ಬೀಜದ ಸಾಲವೊಂದೇ ಉಳಿಯುವುದುಂಟು. ಈ ಕಾರಣದಿಂದಲೇ ಹಿಂದೆ ಆಲೂಗೆಡ್ಡೆಯಿದ್ದ ಎಷ್ಟೋ ಹೊಲಗಳಲ್ಲಿ ಈಗ ಮುಸುಕಿನ ಜೋಳವೂ ಶುಂಠಿಯೂ ಕಾಣುತ್ತಿರುವುವು.

ಇಂತಹ ಸ್ಥಿತಿಯಲ್ಲಿರುವ ರೈತನ ಕಿವಿಗೆ, ವಿದೇಶದಲ್ಲಿ ಆಲೂಗೆಡ್ಡೆಯ ಇಳುವರಿಯನ್ನು ಒಂದೂವರೆಯಷ್ಟು ಮಾಡಿದ್ದಾರೆಂಬ ಮಾತು ಬಿದ್ದರೆ ಅವನು ಸುಮ್ಮನಿರಲಾರನು. ಇದು ನಿಜವೇ, ನಿಜವಾದರೆ ನಮಗೆ ಯಾವಾಗ ದೊರೆಯುವುದು ಎಂದು ಕೇಳುವುದು ಸಹಜವು. ೨೦೨೧ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಈ ಮಾತಿಗೆ ಆಧಾರವಾಗಿದೆ. ಆ ಸಂಶೋಧನೆಯು ಗೊಬ್ಬರಕ್ಕಾಗಲಿ ಔಷಧಕ್ಕಾಗಲಿ ಸಂಬಂಧಿಸಿದುದಲ್ಲ. ಗಿಡದ ಜೀವಕೋಶದೊಳಗಿರುವ ಆರ್‌ಎನ್‌ಎ ಎಂಬ ವಸ್ತುವಿನ ಮೇಲಣ ಅತಿ ಸೂಕ್ಷ್ಮವಾದ ರಾಸಾಯನಿಕ ಗುರುತುಗಳಿಗೆ ಸಂಬಂಧಿಸಿದುದು. ಇದರ ತತ್ತ್ವವನ್ನು ತಿಳಿಯದೆ ಬರಿಯ ಫಲವನ್ನು ಮಾತ್ರ ಕೇಳಿದವನು ಅತಿಯಾಗಿ ನಂಬುವನು, ಇಲ್ಲವೆ ಅತಿಯಾಗಿ ಹೆದರುವನು. ಎರಡೂ ಬೇಸಾಯಕ್ಕೆ ಹಿತವಲ್ಲ. ಆದುದರಿಂದ ಮೊದಲು ತತ್ತ್ವವನ್ನು ಹೇಳಿ, ಆಮೇಲೆ ನಮ್ಮ ಸೀಮೆಯಲ್ಲಿ ಏನು ಮಾಡತಕ್ಕದ್ದೆಂಬ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅರಿಕೆಮಾಡಿಕೊಳ್ಳುತ್ತೇನೆ.

ಹಿಂದಿನ ಕಾಲದ ಶಾನುಭೋಗರ ಲೆಕ್ಕದ ಕ್ರಮವನ್ನು ಹಿರಿಯರು ಬಲ್ಲರು. ಮೂಲ ದಫ್ತರವು ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ದಿನದ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಅದರಿಂದ ನಕಲು ತೆಗೆಯುತ್ತಿದ್ದರು. ಜೀವಕೋಶದಲ್ಲಿಯೂ ಕ್ರಮವು ಹೀಗೆಯೇ. ಡಿಎನ್‌ಎ ಎಂಬುದು ಮೂಲ ದಫ್ತರ. ಅದರಲ್ಲಿರುವ ಒಂದೊಂದು ಬರೆಹಕ್ಕೆ ಜೀನು ಎಂದು ಹೆಸರು. ಬೇಕಾದ ಜೀನಿನಿಂದ ತೆಗೆದ ನಕಲೇ ಆರ್‌ಎನ್‌ಎ. ಆ ನಕಲನ್ನು ನೋಡಿಕೊಂಡು ಜೀವಕೋಶವು ತನಗೆ ಬೇಕಾದ ಪ್ರೋಟೀನುಗಳನ್ನು ಕಟ್ಟಿಕೊಳ್ಳುವುದು. ಈ ನಕಲಿನ ಭಾಷೆಗೆ ನಾಲ್ಕೇ ಅಕ್ಷರಗಳು. ಆದರೆ ನಕಲು ಸಿದ್ಧವಾದ ಮೇಲೆ, ಅದರ ಕೆಲವು ಅಕ್ಷರಗಳ ಮೇಲೆ ಕೆಂಪು ಶಾಯಿಯ ಚುಕ್ಕೆಯನ್ನಿಟ್ಟಂತೆ ಸಣ್ಣ ರಾಸಾಯನಿಕ ಗುಂಪುಗಳು ಸೇರಿಸಲ್ಪಡುವುವು. ಚುಕ್ಕೆಯಿಂದ ಬರೆಹದ ಅರ್ಥವು ಬದಲಾಗುವುದಿಲ್ಲ. ಆದರೆ ಈ ನಕಲನ್ನು ಬೇಗನೆ ಜಾರಿಮಾಡಬೇಕೇ, ಇಟ್ಟುಕೊಂಡಿರಬೇಕೇ, ಕೆಲಸ ತೀರಿತೆಂದು ಹರಿದುಹಾಕಬೇಕೇ ಎಂಬುದು ಆ ಚುಕ್ಕೆಯನ್ನು ಅವಲಂಬಿಸಿರುವುದು.

ಇಂತಹ ಗುರುತುಗಳಲ್ಲಿ ನೂರ ಎಪ್ಪತ್ತಕ್ಕೂ ಹೆಚ್ಚು ಬಗೆಗಳು ಈವರೆಗೆ ಕಂಡುಬಂದಿವೆ. ಮೊದಲನೆಯದು ೧೯೫೦ರ ದಶಕದಲ್ಲಿಯೇ ತಿಳಿದುಬಂದಿತು. ಅದಕ್ಕೆ ಸ್ಯೂಡೋಯುರಿಡಿನ್ ಎಂದು ಹೆಸರು. ಇದರಿಂದ ಯಾವ ಪ್ರಯೋಜನವೆಂದು ಆಗ ಯಾರೂ ಊಹಿಸಿರಲಿಲ್ಲ. ಕಟಲಿನ್ ಕರಿಕೊ, ಡ್ರೂ ವೈಸ್‌ಮನ್ ಎಂಬಿಬ್ಬರು ೨೦೦೫ರಲ್ಲಿ, ಈ ಗುರುತನ್ನು ಹೊತ್ತ ಆರ್‌ಎನ್‌ಎಯನ್ನು ಶರೀರವು ಶತ್ರುವೆಂದು ಎಣಿಸಿ ಪ್ರತಿಭಟಿಸುವುದು ಬಹಳ ಕಡಮೆಯಾಗುವುದೆಂದು ತೋರಿಸಿಕೊಟ್ಟರು. ಆ ಅರಿವು ಕೋವಿಡ್ ರೋಗದ ಲಸಿಕೆಗಳಿಗೆ ಆಧಾರವಾಗಿ, ೨೦೨೩ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆಯಿತು. ನಮ್ಮ ರಾಜ್ಯದಲ್ಲಿಯೂ ಈ ವಿದ್ಯೆಯು ಅಪರಿಚಿತವಾದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೇಯರೂ ಅವರ ಸಂಗಡಿಗರೂ ೨೦೦೮ರಲ್ಲಿ ಪ್ರಕಟಿಸಿದ ಕೆಲಸವು ಇದೇ ವರ್ಗಕ್ಕೆ ಸೇರಿದುದು. ಪ್ರೋಟೀನನ್ನು ಕಟ್ಟುವ ಯಂತ್ರದಂತಿರುವ ರೈಬೋಸೋಮಿನ ಆರ್‌ಎನ್‌ಎ ಮೇಲಿರುವ ಮೀಥೈಲ್ ಗುರುತುಗಳು, ಆ ಕೆಲಸವು ಸರಿಯಾಗಿ ಆರಂಭವಾಗುವುದಕ್ಕೆ ಸಹಾಯಕವಾಗಿವೆಯೆಂದು ಅವರು ಒಂದು ಜಾತಿಯ ಬ್ಯಾಕ್ಟೀರಿಯದಲ್ಲಿ ತೋರಿಸಿದರು.

ಅರಸೀಕೆರೆಯ ತೋಟಗಾರರಿಗೆ ಆಶ್ಚರ್ಯವಾಗಬಹುದಾದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಈ ರಸಾಯನಕ್ಕೆ ಸಮೀಪದ ಬಂಧುವಾದ ದ್ರವ್ಯವು ಅವರ ತೆಂಗಿನಕಾಯಿಯ ನೀರಿನಲ್ಲಿಯೇ ಇರುವುದು. ಗಿಡದಿಂದ ಬಿಡಿಸಿದ ಗಜ್ಜರಿ ಬೇರಿನ ಚೂರುಗಳು ತೆಂಗಿನ ನೀರಿನಲ್ಲಿಟ್ಟರೆ ಶೀಘ್ರವಾಗಿ ಬೆಳೆಯುವುವೆಂದು ಕ್ಯಾಪ್ಲಿನ್, ಸ್ಟೀವರ್ಡ್ ಎಂಬುವರು ೧೯೪೮ರಲ್ಲಿ ತಿಳಿಸಿದರು. ಹಾಗೆ ಬೆಳೆಯಿಸುವ ವಸ್ತುಗಳಲ್ಲಿ ಸೈಟೊಕೈನಿನ್ ಎಂಬ ಸಸ್ಯಚೋದಕವು ಮುಖ್ಯವೆಂದು ಮುಂದೆ ಗೊತ್ತಾಯಿತು. ೧೯೬೬ರಲ್ಲಿ ಇದೇ ವರ್ಗದ ದ್ರವ್ಯವೊಂದು ಯೀಸ್ಟಿನ ಆರ್‌ಎನ್‌ಎಯಲ್ಲಿ ಅಕ್ಷರದ ಮೇಲಣ ಗುರುತಾಗಿ ಕಂಡುಬಂದಿತು. ಗಿಡಗಳು ತಮ್ಮ ಸೈಟೊಕೈನಿನ್ನಿನ ಬಹುಭಾಗವನ್ನು ಬೇರೆ ಮಾರ್ಗದಿಂದ ತಯಾರಿಸಿಕೊಳ್ಳುವುವಾದರೂ, ಒಂದು ಭಾಗವು ಹಳೆಯ ಆರ್‌ಎನ್‌ಎ ಕರಗುವಾಗ ಈ ಗುರುತುಗಳಿಂದಲೇ ಬಿಡುಗಡೆಯಾಗುವುದು. ಬಾಳೆಯ ಒಂದು ಕುಡಿಯಿಂದ ಸಾವಿರಾರು ಸಸಿಗಳನ್ನು ಮಾಡುವ ಅಂಗಾಂಶ ಕೃಷಿಯು ಈ ಚೋದಕದ ಜ್ಞಾನದಿಂದಲೇ ಸಾಧ್ಯವಾಯಿತು. ಆದುದರಿಂದ ಆರ್‌ಎನ್‌ಎ ಗುರುತುಗಳೆಂಬುವು ಎಲ್ಲಿಯೋ ಹುಟ್ಟಿಸಿ ನಮ್ಮ ಹೊಲಕ್ಕೆ ತರುವ ವಿಚಿತ್ರ ವಸ್ತುಗಳೆಂದು ತಿಳಿಯತಕ್ಕುದಲ್ಲ. ಅವು ಪ್ರತಿಯೊಂದು ಗಿಡದಲ್ಲಿಯೂ ಪ್ರತಿಯೊಬ್ಬ ಮನುಷ್ಯನಲ್ಲಿಯೂ ಮೊದಲಿನಿಂದ ಇರುವುವು. ಹೊಸದಾಗಿ ಬಂದುದು ಅವುಗಳನ್ನು ಓದುವ ಮತ್ತು ಬದಲಾಯಿಸುವ ಶಕ್ತಿಯು ಮಾತ್ರ.

ಇನ್ನು ಆಲೂಗೆಡ್ಡೆಯ ವಿಷಯಕ್ಕೆ ಬರೋಣ. ನಕಲು ಆರ್‌ಎನ್‌ಎಯ 'ಎ' ಎಂಬ ಅಕ್ಷರದ ಮೇಲೆ ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳುಳ್ಳ ಮೀಥೈಲ್ ಗುಂಪು ಸೇರಿರುವುದು ೧೯೭೪ರಲ್ಲಿ ತಿಳಿದುಬಂದಿತು. ಇಟ್ಟ ಗುರುತು ಅಳಿಸಲಾರದ್ದೆಂದು ಬಹುಕಾಲ ನಂಬಿದ್ದರು. ೨೦೧೧ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಚುವಾನ್ ಹೆ ಎಂಬುವರೂ ಅವರ ಸಂಗಡಿಗರೂ, ಮನುಷ್ಯರಲ್ಲಿರುವ ಎಫ್‌ಟಿಒ ಎಂಬ ಕಿಣ್ವವು ಈ ಗುರುತನ್ನು ಅಳಿಸುವುದೆಂದು ತೋರಿಸಿದರು. ಬಳಿಕ ಅವರೂ ಪೀಕಿಂಗ್ ವಿಶ್ವವಿದ್ಯಾನಿಲಯದ ಗ್ವಿಫಾಂಗ್ ಜಿಯಾ ಎಂಬುವರೂ ಇತರರೂ ಕೂಡಿ, ಆ ಕಿಣ್ವದ ಜೀನನ್ನು ಬತ್ತ ಮತ್ತು ಆಲೂಗೆಡ್ಡೆಯ ಗಿಡಗಳಲ್ಲಿ ಸೇರಿಸಿ ಪರೀಕ್ಷಿಸಿದರು. ೨೦೨೧ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ, ಗಾಜಿನ ಮನೆಯಲ್ಲಿ ಬೆಳೆದ ಬತ್ತವು ಸುಮಾರು ಮೂರರಷ್ಟು ಫಲಕೊಟ್ಟಿತು. ಹೊಲದ ಪರೀಕ್ಷೆಯಲ್ಲಿ ಬತ್ತದ ಮತ್ತು ಆಲೂಗೆಡ್ಡೆಯ ಇಳುವರಿಯೂ ಗಿಡದ ಒಟ್ಟು ತೂಕವೂ ಸುಮಾರು ಶೇಕಡ ೫೦ರಷ್ಟು ಹೆಚ್ಚಿದುವು. ಬೇರಿನ ತುದಿಯಲ್ಲಿ ಜೀವಕೋಶಗಳು ಹೆಚ್ಚಾಗಿ, ಬೇರು ಆಳಕ್ಕಿಳಿದು, ಬತ್ತದಲ್ಲಿ ತೆಂಡೆಗಳು ಅಧಿಕವಾಗಿ, ಎಲೆಗಳು ಬಿಸಿಲನ್ನು ಹೆಚ್ಚು ಸಮರ್ಪಕವಾಗಿ ಉಪಯೋಗಿಸಿಕೊಂಡುವು. ಗಿಡಗಳು ನೀರಿನ ಕೊರತೆಯನ್ನೂ ಹೆಚ್ಚಾಗಿ ತಡೆದುಕೊಂಡುವು.

ಈ ವರದಿಯಲ್ಲಿ ಕೊನೆಯ ಮಾತೇ ನಮಗೆ ಮುಖ್ಯವಾದುದು. ಅರಸೀಕೆರೆಯ ಸೀಮೆಯಲ್ಲಿ ಮಳೆಯು ಅಲ್ಪ. ಅದೂ ಬಂದಾಗ ಬಂದು ಬಾರದಾಗ ಬಾರದ ಮಳೆ. ಆಳಕ್ಕೆ ಬೇರಿಳಿಸುವ ಗಿಡವೆಂದರೆ ಅಲ್ಲಿಯ ರೈತನಿಗೆ ಎರಡು ಮಳೆಗಳ ನಡುವಣ ಹದಿನೈದು ದಿನಗಳನ್ನು ದಾಟಿಸುವ ಗಿಡ. ಆದುದರಿಂದ ಈ ಸಂಶೋಧನೆಯನ್ನು ನಮಗೆ ಸಂಬಂಧಿಸಿದುದಲ್ಲವೆಂದು ಬದಿಗಿಡುವುದು ತಪ್ಪೆಂದು ನಾನು ಭಾವಿಸುತ್ತೇನೆ. ಆದರೆ ಇದನ್ನು ಈಗಲೇ ವರವೆಂದು ಕೊಂಡಾಡುವುದೂ ತಪ್ಪು. ಅದಕ್ಕೆ ನಾಲ್ಕು ಕಾರಣಗಳುಂಟು.

ಮೊದಲನೆಯದಾಗಿ, ಒಂದು ದೇಶದ ಹೊಲದಲ್ಲಿ ಬಂದ ಫಲವು ಬೇರೆ ಮಣ್ಣು, ಬೇರೆ ಮಳೆ, ಬೇರೆ ತಳಿಗಳಲ್ಲಿ ಹಾಗೆಯೇ ಬರುವುದೆಂಬ ಭರವಸೆಯಿಲ್ಲ. ಗಾಜಿನ ಮನೆಯಲ್ಲಿ ಮೂರರಷ್ಟಾದ ಬತ್ತವು ಹೊಲಕ್ಕೆ ಇಳಿದೊಡನೆ ಒಂದೂವರೆಯಷ್ಟಾದುದೇ ಇದಕ್ಕೆ ನಿದರ್ಶನವು. ಎರಡನೆಯದಾಗಿ, ಹೆಚ್ಚು ಗೆಡ್ಡೆಯು ಬಂದಲ್ಲಿ ನೆಲದಿಂದ ಹೆಚ್ಚು ಸಾರವೂ ಹೋಗುವುದು. ಕೊಟ್ಟಿಗೆ ಗೊಬ್ಬರವನ್ನು ಹೊತ್ತುಹಾಕದೆ ಇಳುವರಿಯನ್ನು ಮಾತ್ರ ಎಣಿಸಿಕೊಂಡರೆ ಮುಂದಿನ ವರ್ಷದ ರಾಗಿಯೇ ಆ ಸಾಲವನ್ನು ತೀರಿಸಬೇಕಾಗುವುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಜಿಲ್ಲೆಯಲ್ಲಿ ಆಲೂಗೆಡ್ಡೆಯ ಬೆಳೆಗಾರನನ್ನು ಕೆಡಿಸಿದುದು ಗಿಡದ ಬೆಳೆವಣಿಗೆಯ ಮಾಂದ್ಯವಲ್ಲ, ಅಂಗಮಾರಿ ರೋಗ. ೧೮೪೫ರಲ್ಲಿ ಐರ್ಲೆಂಡಿನ ಬೆಳೆಯನ್ನು ನಾಶಮಾಡಿ ಆ ದೇಶವನ್ನು ಕ್ಷಾಮಕ್ಕೆ ನೂಕಿದುದು ಇದೇ ರೋಗವು. ಮೇಲ್ಕಂಡ ಸಂಶೋಧನೆಯು ಈ ರೋಗಕ್ಕೆ ಉತ್ತರವನ್ನು ಹುಡುಕಿದುದಲ್ಲ. ಸೊಪ್ಪು ದಟ್ಟವಾಗಿ ಬೆಳೆದ ಹೊಲದಲ್ಲಿ ಎಲೆಗಳ ತೇವವು ಬೇಗ ಆರುವುದಿಲ್ಲವೆಂಬುದೂ, ಆ ತೇವವೇ ರೋಗಕ್ಕೆ ಆಸರೆಯೆಂಬುದೂ ಅನುಭವಸ್ಥರಿಗೆ ಗೊತ್ತಿರುವ ಸಂಗತಿ. ಆದುದರಿಂದ ಹೆಚ್ಚು ಸೊಪ್ಪಿನ ಗಿಡವು ಹಳೇಬೀಡಿನ ಜುಲೈ ತಿಂಗಳಿನಲ್ಲಿ ಹೆಚ್ಚು ಗೆಡ್ಡೆಯನ್ನು ಕೊಡುವುದೋ ಹೆಚ್ಚು ರೋಗವನ್ನು ತರುವುದೋ ಎಂಬುದನ್ನು ಹಳೇಬೀಡಿನ ಹೊಲದಲ್ಲಿಯೇ ನೋಡಬೇಕಲ್ಲದೆ ವರದಿಯಲ್ಲಿ ಓದಿ ನಿರ್ಣಯಿಸಲಾಗದು. ಕುಫ್ರಿ ಜ್ಯೋತಿ ತಳಿಯ ಚರಿತ್ರೆಯು ಇಲ್ಲಿ ನೆನಪಿಡತಕ್ಕುದು. ೧೯೬೮ರಲ್ಲಿ ಬಿಡುಗಡೆಯಾದಾಗ ಅದು ಅಂಗಮಾರಿಯನ್ನು ತಡೆಯುವ ತಳಿಯೆಂದು ಹೆಸರಾಗಿತ್ತು. ಕಾಲಕ್ರಮದಲ್ಲಿ ರೋಗಾಣುವು ಮಾರ್ಪಟ್ಟು ಆ ಗುಣವು ನಿಷ್ಫಲವಾಯಿತು. ಒಂದೇ ಉಪಾಯವನ್ನು ನಂಬಿ ಕುಳಿತವನಿಗೆ ರೋಗವು ದಯೆತೋರಿಸುವುದಿಲ್ಲ.

ನಾಲ್ಕನೆಯದು ಜನರ ಒಪ್ಪಿಗೆ ಮತ್ತು ಕಾನೂನಿಗೆ ಸೇರಿದುದು. ಗಿಡಕ್ಕೆ ಸೇರಿಸಿದ ಜೀನು ಮನುಷ್ಯಜಾತಿಯದು. ಅದರ ಹೆಸರು ಮೊದಲು ೨೦೦೭ರಲ್ಲಿ ಪ್ರಸಿದ್ಧಿಗೆ ಬಂದುದು ಶರೀರದ ತೂಕಕ್ಕೆ ಅದಕ್ಕಿರುವ ಸಂಬಂಧದಿಂದ. ಈ ಮಾತನ್ನು ಮುಚ್ಚಿಟ್ಟು ಬೀಜವನ್ನು ಹಂಚಿದರೆ, ಮುಂದೊಂದು ದಿನ ಸತ್ಯವು ಹೊರಬಿದ್ದಾಗ ವಿಜ್ಞಾನದ ಮೇಲೆಯೇ ಜನರಿಗೆ ವಿಶ್ವಾಸವು ತಪ್ಪುವುದು. ಕುಲಾಂತರಿ ಬದನೆಗೆ ೨೦೧೦ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ತಡೆಯಾಜ್ಞೆಯನ್ನು ಹೊರಡಿಸಿದ ವೃತ್ತಾಂತವನ್ನು ನಾವು ಮರೆತಿಲ್ಲ. ಪರಜಾತಿಯ ಜೀನನ್ನು ಸೇರಿಸಿದ ಗಿಡಗಳು ನಮ್ಮ ದೇಶದಲ್ಲಿ ೧೯೮೯ರ ನಿಯಮಗಳಿಗೆ ಒಳಪಟ್ಟಿರುವುವು. ಹೊಲದ ಪರೀಕ್ಷೆಗೂ ಅನುಮತಿಯು ಬೇಕು. ಪರಜೀನಿಲ್ಲದೆ ಗಿಡದ ಸ್ವಂತ ಜೀನಿನಲ್ಲಿಯೇ ಸಣ್ಣ ತಿದ್ದುಪಡಿಯನ್ನು ಮಾಡಿದ ಕೆಲವು ಬಗೆಯ ಸಸ್ಯಗಳಿಗೆ ೨೦೨೨ರಲ್ಲಿ ಈ ನಿಯಮಗಳ ಕೆಲವು ಭಾಗಗಳಿಂದ ವಿನಾಯಿತಿಯು ದೊರೆತಿದೆ.

ಹಾಗಾದರೆ ನಾವು ಮಾಡತಕ್ಕುದೇನು? ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಸೀಮೆಯಲ್ಲಿಯೇ ನಡೆದ ಒಂದು ಕೆಲಸವು ಇದಕ್ಕೆ ದಾರಿತೋರುವುದು. ಕೆನಡಾ ದೇಶದಿಂದ ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ೧೯೧೩ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅವರು, ಅಡಕೆಯ ಕೊಳೆರೋಗವನ್ನು ಮಲೆನಾಡಿನ ತೋಟಗಳಲ್ಲಿಯೇ ಅಭ್ಯಾಸಮಾಡಿ ೧೯೧೦ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಆ ರೋಗಾಣುವು ಆಲೂಗೆಡ್ಡೆಯ ಅಂಗಮಾರಿಯನ್ನು ತರುವ ರೋಗಾಣುವಿನ ಕುಲದ್ದೇ. ಅದಕ್ಕೆ ಪ್ರತಿಯಾಗಿ ಬಳಕೆಗೆ ಬಂದ ಬೋರ್ಡೋ ಮಿಶ್ರಣವು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದುದು. ಪರದೇಶದ ಮದ್ದೆಂದು ಅದನ್ನು ಬಿಡಲಿಲ್ಲ. ಪರದೇಶದಲ್ಲಿ ಗುಣಕೊಟ್ಟಿತೆಂದು ಕಣ್ಣುಮುಚ್ಚಿ ನಂಬಲೂ ಇಲ್ಲ. ನಮ್ಮ ಮಳೆಯಲ್ಲಿ, ನಮ್ಮ ಮರಗಳ ಮೇಲೆ, ತೋಟಗಾರರ ಕಣ್ಣೆದುರಿನಲ್ಲಿ ಅದನ್ನು ಪರೀಕ್ಷಿಸಿದರು. ಆ ಮಿಶ್ರಣವನ್ನು ಇಂದಿಗೂ ಅಡಕೆಯ ಗೊನೆಗಳಿಗೆ ಹೊಡೆಯುತ್ತಿರುವೆವು. ಪರೀಕ್ಷೆಯು ನಂಬಿಕೆಯನ್ನು ಹುಟ್ಟಿಸುವುದು, ಜಾಹೀರಾತು ಹುಟ್ಟಿಸಲಾರದು.

ಈ ಮಾದರಿಯನ್ನು ಅನುಸರಿಸಿ ಮೂರು ಹೆಜ್ಜೆಗಳನ್ನು ಇಡಬೇಕೆಂಬುದು ನನ್ನ ಸೂಚನೆ. ಮೊದಲನೆಯ ಹೆಜ್ಜೆಗೆ ಯಾವ ಜೀನನ್ನೂ ಬದಲಾಯಿಸಬೇಕಾಗಿಲ್ಲ. ನಮ್ಮಲ್ಲಿ ಬೆಳೆಯುತ್ತಿರುವ ತಳಿಗಳು ಅರಸೀಕೆರೆಯ ಒಣ ಹವೆಯಲ್ಲಿಯೂ, ಹಳೇಬೀಡಿನ ನಡುಮಳೆಯಲ್ಲಿಯೂ, ಬೇಲೂರಿನ ಮಲೆನಾಡಿನ ಅಂಚಿನಲ್ಲಿಯೂ ಬೆಳೆಯುವಾಗ ಅವುಗಳ ಆರ್‌ಎನ್‌ಎ ಗುರುತುಗಳು ಹೇಗೆ ಬದಲಾಗುವುವು, ಬಾಯಾರಿದ ಗಿಡದಲ್ಲಿ ಹೇಗಿರುವುವು, ಅಂಗಮಾರಿ ತಗುಲಿದ ಗಿಡದಲ್ಲಿ ಹೇಗಿರುವುವು ಎಂಬುದನ್ನು ಓದಿ ದಾಖಲೆ ಮಾಡುವುದು. ಹಾಸನದ ಸೋಮನಹಳ್ಳಿ ಕಾವಲಿನಲ್ಲಿ ಆಲೂಗೆಡ್ಡೆಯ ಸಂಶೋಧನೆ ನಡೆಯುತ್ತಿರುವ ತೋಟಗಾರಿಕೆಯ ಕೇಂದ್ರವಿದೆ. ಕಾರೇಕೆರೆಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಗುರುತುಗಳನ್ನು ಓದಬಲ್ಲ ವಿದ್ಯೆಯು ಬೆಂಗಳೂರಿನಲ್ಲಿದೆ. ಹೊಲವನ್ನು ಬಲ್ಲವರೂ ಕೋಶವನ್ನು ಬಲ್ಲವರೂ ಒಂದೆಡೆ ಕುಳಿತರೆ ಈ ಕೆಲಸವು ಅಸಾಧ್ಯವಲ್ಲ.

ಎರಡನೆಯ ಹೆಜ್ಜೆಯಲ್ಲಿ, ಮನುಷ್ಯರ ಜೀನನ್ನೇ ತರಬೇಕೇ, ಗಿಡದಲ್ಲಿಯೇ ಇರುವ ಅಳಿಸುವ ಕಿಣ್ವವನ್ನು ಚುರುಕುಮಾಡಿದರೆ ಸಾಕೇ ಎಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ಸಾಸಿವೆಯ ಜಾತಿಗೆ ಸೇರಿದ ಒಂದು ಸಣ್ಣ ಗಿಡದಲ್ಲಿ ಅಂತಹ ಕಿಣ್ವವಿದ್ದು ಹೂಬಿಡುವ ಕಾಲವನ್ನು ನಿಯಮಿಸುವುದೆಂದು ೨೦೧೭ರಲ್ಲಿಯೇ ತಿಳಿದುಬಂದಿದೆ. ಈ ಮಾರ್ಗವು ಫಲಿಸಿದರೆ ಜನರ ಅಂಜಿಕೆಯೂ ಕಾನೂನಿನ ತೊಡಕೂ ಎಷ್ಟೋ ಕಡಮೆಯಾಗುವುವು. ಮೂರನೆಯ ಹೆಜ್ಜೆ, ಅನುಮತಿಯನ್ನು ಪಡೆದು ಬೇಲಿಯೊಳಗೆ ಮಾಡುವ ಹೊಲದ ಪರೀಕ್ಷೆ. ಅದು ಸರ್ಕಾರದ ಕ್ಷೇತ್ರದಲ್ಲಿ, ಸರ್ಕಾರದ ಹಣದಿಂದ, ಸುತ್ತಮುತ್ತಲಿನ ಗ್ರಾಮಸ್ಥರಿಗೆ ಮೊದಲೇ ತಿಳಿಸಿ ನಡೆಯತಕ್ಕದ್ದು. ಕನಿಷ್ಠಪಕ್ಷ ಒಂದು ಒಳ್ಳೆಯ ಮಳೆಯ ವರ್ಷ, ಒಂದು ಕೆಟ್ಟ ಮಳೆಯ ವರ್ಷ ಮತ್ತು ಅಂಗಮಾರಿಯ ಒಂದು ವರ್ಷವನ್ನು ಕಂಡಹೊರತು ತೀರ್ಪನ್ನು ಹೇಳಕೂಡದು. ಸೋತ ಪರೀಕ್ಷೆಯ ಲೆಕ್ಕವನ್ನೂ ಗೆದ್ದ ಪರೀಕ್ಷೆಯ ಲೆಕ್ಕದಂತೆಯೇ ಕನ್ನಡದಲ್ಲಿ ಅಚ್ಚುಮಾಡಿ ಹಂಚಬೇಕು.

ಬೀಜದ ಸ್ವಾಮ್ಯದ ವಿಷಯವಾಗಿಯೂ ಒಂದು ಮಾತು. ಆಲೂಗೆಡ್ಡೆಯು ಗೆಡ್ಡೆಯಿಂದಲೇ ವೃದ್ಧಿಯಾಗುವ ಬೆಳೆಯಾದುದರಿಂದ ಒಮ್ಮೆ ಬಂದ ಒಳ್ಳೆಯ ಗುಣವು ಗೆಡ್ಡೆಯೊಂದಿಗೆ ಹಾಗೆಯೇ ಮುಂದುವರಿಯುವುದು. ಈ ಅನುಕೂಲವು ರೈತನಿಗೆ ಉಳಿಯಬೇಕು. ಸಾರ್ವಜನಿಕರ ಹಣದಿಂದ ಹುಟ್ಟಿದ ತಳಿಯನ್ನು ರೈತನು ತನ್ನ ಹೊಲದಲ್ಲಿ ಮರಳಿ ನಾಟಿಮಾಡುವುದಕ್ಕೂ ನೆರೆಯವನಿಗೆ ಕೊಡುವುದಕ್ಕೂ ಅಡ್ಡಿಯಿರಕೂಡದು. ಪಂಜಾಬಿನ ಲಾರಿಯನ್ನು ಕಾಯುವ ಕಷ್ಟವನ್ನು ತಪ್ಪಿಸಿ, ಮತ್ತೊಬ್ಬರ ಪರವಾನಗಿಯನ್ನು ಕಾಯುವ ಕಷ್ಟವನ್ನು ತಂದೊಡ್ಡುವುದಾದರೆ ಲಾಭವೇನು?

ಇದೆಲ್ಲವೂ ನಡೆಯುವುದಕ್ಕೆ ವರ್ಷಗಳು ಹಿಡಿಯುವುವು. ಈಗ ಭಾರತದಲ್ಲಿ ಇಂತಹ ಆಲೂಗೆಡ್ಡೆಯ ಬೀಜವು ಮಾರಾಟಕ್ಕಿಲ್ಲ. ಆರ್‌ಎನ್‌ಎಯ ಹೆಸರನ್ನು ಹೇಳಿ ದುಪ್ಪಟ್ಟು ಇಳುವರಿಯ ಆಸೆಯನ್ನು ತೋರಿಸಿ ಯಾರಾದರೂ ಗೆಡ್ಡೆಯನ್ನಾಗಲಿ ಸೀಸೆಯನ್ನಾಗಲಿ ಮಾರಲು ಬಂದರೆ, ಹಣವನ್ನು ಕೊಡುವ ಮುನ್ನ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಕ್ಷೇಮವು. ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯಗಳನ್ನು ಬಿಡದಿರೋಣ. ದೃಢೀಕೃತವಾದ ಬೀಜವನ್ನೇ ಕೊಳ್ಳುವುದು; ಕೊಳೆತ ಗೆಡ್ಡೆಗಳನ್ನು ಆರಿಸಿ ತೆಗೆದು ಬೀಜೋಪಚಾರ ಮಾಡುವುದು; ನೀರು ನಿಲ್ಲದಂತೆ ಬೋದುಗಳನ್ನು ಎತ್ತರಿಸುವುದು; ಮೋಡ ಕವಿದು ಜಡಿಮಳೆ ಹಿಡಿಯುವ ಸೂಚನೆ ಕಂಡೊಡನೆ, ರೋಗವು ಕಾಣುವ ಮೊದಲೇ ಔಷಧವನ್ನು ಸಿಂಪಡಿಸುವುದು; ಒಂದೇ ಹೊಲದಲ್ಲಿ ವರ್ಷ ವರ್ಷವೂ ಆಲೂಗೆಡ್ಡೆಯನ್ನು ಹಾಕದಿರುವುದು. ಅಂಗಾಂಶ ಕೃಷಿಯಿಂದ ಬಂದ ನಂಜಿಲ್ಲದ ತಾಯಿಗಿಡಗಳ ಕುಡಿಗಳಿಗೆ ಬೇರು ಬಿಡಿಸಿ, ಆ ಸಸಿಗಳಿಂದ ಬಿತ್ತನೆಯ ಗೆಡ್ಡೆಯನ್ನು ನಮ್ಮಲ್ಲಿಯೇ ಬೆಳೆಯುವ ಪದ್ಧತಿಯು ಹಾಸನದ ಕಡೆ ಆರಂಭವಾಗಿದೆ. ಇದಕ್ಕೆ ಪ್ರೋತ್ಸಾಹವನ್ನು ಕೊಡುವುದು ಇಲಾಖೆಯ ಮೊದಲನೆಯ ಕರ್ತವ್ಯವೆಂದು ನಾನು ಎಣಿಸುತ್ತೇನೆ. ನಾಳೆ ಎಂತಹ ಉತ್ತಮ ಗುಣದ ಗಿಡವು ಬಂದರೂ, ಅದನ್ನು ಶುದ್ಧವಾದ ಬೀಜವಾಗಿ ವೃದ್ಧಿಮಾಡಬಲ್ಲ ಕೈಗಳು ಊರಿನಲ್ಲಿಯೇ ಇಲ್ಲದಿದ್ದರೆ ಆ ಗುಣವು ರೈತನಿಗೆ ದಕ್ಕುವುದಿಲ್ಲ.

ಅಕ್ಷರದ ಮೇಲಣ ಚುಕ್ಕೆಯನ್ನು ಅಳಿಸುವುದು ಗಿಡದ ಬೇರನ್ನು ಆಳಕ್ಕೆ ಇಳಿಸಬಲ್ಲುದೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆ ಬೇರು ಅರಸೀಕೆರೆಯ ಮಣ್ಣಿನಲ್ಲಿಯೂ ಇಳಿಯುವುದೇ, ಹಳೇಬೀಡಿನ ಮಳೆಯಲ್ಲಿಯೂ ಉಳಿಯುವುದೇ ಎಂಬುದನ್ನು ತೋರಿಸತಕ್ಕವರು ನಾವು. ಈ ಪರೀಕ್ಷೆಯನ್ನು ಇಲಾಖೆಯವರು ಕೈಗೊಳ್ಳಬೇಕೆಂದೂ, ಬೇಸಾಯಗಾರರು ಅದನ್ನು ಕಣ್ಣಿಟ್ಟು ನೋಡಿ, ಸಂಶಯವಿದ್ದಲ್ಲಿ ಸಂಕೋಚವಿಲ್ಲದೆ ಪ್ರಶ್ನಿಸಬೇಕೆಂದೂ ವಿಜ್ಞಾಪಿಸಿಕೊಳ್ಳುತ್ತೇನೆ.